ನಾಲ್ಕುನಾಡು ಅರಮನೆಯ ಕಿಂಡಿ

ಮಡಿಕೇರಿಯ ಕೋಟೆ, ಓಂಕಾರೇಶ್ವರ, ಗದ್ದಿಗೆ ಎಲ್ಲ ಶನಿವಾರವೇ ಮುಗಿದಿತ್ತು. ರಾಜಾಸೀಟಿನ ನೂಕುನುಗ್ಗಲು ನನಗಂತೂ ಹಿಡಿಸಲಿಲ್ಲ. ಭಾನುವಾರ ಅಕ್ಕಿರೊಟ್ಟಿ ತಿಂದು, ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ನಿಧಾನವಾಗಿ ಹೊರಟೆವು.

ನಾಪೋಕ್ಲು ದಾಟಿದ ಮೇಲೆ ಮೊಬೈಲ್ ಮ್ಯಾಪ್ ನಂಬಿ ತಿರುಗಿದೆ ನೋಡಿ, ಯಾರದೋ ಕಾಫಿ ತೋಟದ ಗೇಟಿನ ಮುಂದೆ ನಿಂತಿದ್ದೆವು. ಕಾರು ತಿರುಗಿಸಲು ಜಾಗವಿಲ್ಲ. ಅರ್ಧ ಕಿಲೋಮೀಟರ್ ರಿವರ್ಸ್! ಹೆಂಡತಿ ಮಳೆಯಲ್ಲೇ ಇಳಿದು ಕೈ ತೋರಿಸುತ್ತಾ ನಡೆದಳು. ಇಬ್ಬರಿಗೂ ಮೂಗಿನ ತುದಿಯಲ್ಲಿ ಸಿಟ್ಟು. ನೀವು ಹೋಗುವುದಾದರೆ ದಾರಿಯನ್ನು ಅಂಗಡಿಯವರ ಹತ್ತಿರವೇ ಕೇಳಿ.

ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಹೆಂಚಿನ ಮಾಡಿನ ಎರಡಂತಸ್ತಿನ ಒಂದು ಮನೆ. ಅಷ್ಟೇ.

"ಮೈಸೂರಿನವರಾ ಸಾರ್?" ಅರಮನೆ ನೋಡಿಕೊಳ್ಳುವವರು ನಕ್ಕರು. "ಅಲ್ಲಿಂದ ಬಂದವರು ಇದರ ಮುಂದೆಯೇ ನಿಂತು, ಅರಮನೆ ಎಲ್ಲಿ ಅಂತ ಕೇಳ್ತಾರೆ."

ನಾನೂ ಕೇಳುವವನಿದ್ದೆ. ಸುಮ್ನಾದೆ.

ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಇದನ್ನು ಕಟ್ಟಿಸಲು ಶುರು ಮಾಡಿದ್ದು 1792ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲಷ್ಟೇ ಟಿಪ್ಪುವಿನ ಕಡೆಯವರ ಕಣ್ಣು ತಪ್ಪಿಸಿ ಪಿರಿಯಾಪಟ್ಟಣದ ಸೆರೆಯಿಂದ ಓಡಿ ಬಂದಿದ್ದ. ಸೆರೆ ಕಂಡವನು ಕಟ್ಟಿಸಿದ ಮನೆ ಇದು ಅಂತ ಒಳಗೆ ಕಾಲಿಟ್ಟರೆ ಗೊತ್ತಾಗುತ್ತದೆ. ಕತ್ತಲೆ ಕೋಣೆಗಳು, ಮರದ ಕಂಬಗಳು, ಮಾಸಿದ ಚಿತ್ರಗಳು. ಹೊರಗೆ ಒಂದು ಪುಟ್ಟ ಮಂಟಪ. 1796ರಲ್ಲಿ ಮಹದೇವಮ್ಮಾಜಿಯನ್ನು ಅವನು ಮದುವೆಯಾದದ್ದು ಅಲ್ಲೇ. ಈಗಿನ ಮದುವೆಗಳ ಫೋಟೋಗ್ರಾಫರ್‌ಗಳಿಗೇ ಆ ಜಾಗ ಸಾಲದು.

1834ರಲ್ಲಿ ಇಂಗ್ಲಿಷರ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಬಂದು ಸೇರಿಕೊಂಡದ್ದೂ ಇಲ್ಲಿಗೇ. ಆಮೇಲೆ ಶರಣಾದ. ಸತ್ತದ್ದು ದೂರದ ಲಂಡನ್ನಿನಲ್ಲಿ, 1859ರಲ್ಲಿ.

"ಇಲ್ಲಿ ಕಣ್ಣಿಡಿ" ಎಂದು ಅವರು ಗೋಡೆಯ ಸಣ್ಣ ಕಿಂಡಿ ತೋರಿಸಿದರು. "ಬರೋರು ನಮಗೆ ಕಾಣ್ತಾರೆ, ನಾವು ಅವರಿಗೆ ಕಾಣಲ್ಲ."

ಬಗ್ಗಿ ನೋಡಿದೆ. ಅಂಗಳ, ಮಂಟಪ, ಅದರಾಚೆಯ ಹಸಿರು. ಯಾರೂ ಇಲ್ಲ. ಅರಸನೂ ಹೀಗೇ ಬಗ್ಗಿ ನೋಡಿರಬಹುದು ಅಲ್ವಾ? ಎಷ್ಟು ಹೊತ್ತು ನಿಂತಿದ್ದೆನೋ, ಕುತ್ತಿಗೆ ನೋಯತೊಡಗಿತು.

ಅಷ್ಟರಲ್ಲಿ ಕೊಡೆ ಹಿಡಿದು ಹೆಂಡತಿ ಅಂಗಳಕ್ಕೆ ಬಂದಳು. ಆ ಕಡೆ ಈ ಕಡೆ ನೋಡಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಕೂಗಲಾ ಸಾರ್?" ಎಂದರು ಅವರು.

"ಬೇಡ, ಒಂದು ನಿಮಿಷ ಇರಿ" ಎಂದೆ.