ಎರಡನೇ ಭಾಷೆಯ ಪೀರಿಯಡ್ ಮತ್ತು ನೆಕ್ಕರ್ ಹೊಳೆ

ನಮ್ಮ ಕಾಲದಲ್ಲಿ ಕಾಸರಗೋಡಿನ ಕಾಲೇಜಿನಲ್ಲಿ ಬಿ.ಎಸ್ಸಿ. ತರಗತಿ ದಿನಕ್ಕೊಮ್ಮೆ ಎರಡಾಗುತ್ತಿತ್ತು. ಎರಡನೇ ಭಾಷೆಯ ಪೀರಿಯಡಿಗೆ ಬೆಲ್ ಹೊಡೆದ ಕೂಡಲೇ ಕೆಲವರು ಕನ್ನಡಕ್ಕೆ, ಉಳಿದವರು ಮಲಯಾಳಕ್ಕೆ. ನನ್ನ ಬೆಂಚಿನ ಗೆಳೆಯ ಆಚೆ ಕೋಣೆ, ನಾನು ಈಚೆ ಕೋಣೆ. ಮಧ್ಯೆ ಒಂದು ಗೋಡೆ. ಅಲ್ಲಿ ಪದ್ಯ ಓದಿದರೆ ಇಲ್ಲಿಗೆ ಚೆನ್ನಾಗಿಯೇ ಕೇಳುತ್ತಿತ್ತು.

ಹಳಗನ್ನಡ ಕಷ್ಟ ಎಂದು ನಾವು ಗೊಣಗಿದರೆ ಕನ್ನಡ ಸರ್ ಆ ಗೋಡೆಯನ್ನೇ ತೋರಿಸುತ್ತಿದ್ದರು. "ನಿಮಗೆ ಎಂತ ಕಷ್ಟ? ಹಾಲಿಗೆ ಹಳಗನ್ನಡದಲ್ಲಿ ಪಾಲ್. ಆಚೆ ಕೋಣೆಯಲ್ಲಿ ಇವತ್ತಿಗೂ ಪಾಲ್. ನಿಮ್ಮ ಹುಲಿ ಅಲ್ಲಿ ಪುಲಿ, ಹಲ್ಲು ಪಲ್ಲು, ಹೊಳೆ ಪುಳ. ಸ್ವಲ್ಪ ಕಿವಿ ಕೊಡಿ ಸಾಕು." ವಿದ್ಯಾನಗರದ ಆ ಕೋಣೆಯಲ್ಲಿ ಕಲಿತದ್ದರಲ್ಲಿ ರಸಾಯನಶಾಸ್ತ್ರ ಬಹಳಷ್ಟು ಮರೆತುಹೋಗಿದೆ. ಇದು ಮರೆತಿಲ್ಲ.

ಗ್ರಂಥಾಲಯದಲ್ಲಿ ಕಿಟೆಲ್ ಕೋಶ ಇತ್ತು, ಜರ್ಮನ್ ಪಾದ್ರಿ ಕಿಟೆಲ್ ಮಾಡಿದ ಕನ್ನಡ ನಿಘಂಟು. ಹೊರಗೆ ಕೊಡುತ್ತಿರಲಿಲ್ಲ, ಅಲ್ಲೇ ನಿಂತು ನೋಡಬೇಕು. ಒಂದು ಕನ್ನಡ ಪದ ಹುಡುಕಿದರೆ ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟರೂ ಜೊತೆಗೆ ಸಿಗುತ್ತಿದ್ದರು. ನಾವು ಮೊದಲು ಹುಡುಕಿದ್ದು ಬೈಗುಳಗಳನ್ನು, ಅದು ಬೇರೆ ಮಾತು. ಗೆಳೆಯನಿಗೆ ಮಲಯಾಳ ನಿಘಂಟು ಮಾಡಿದ ಗುಂಡರ್ಟ್ ಇದ್ದ. "ನಮ್ಮ ನಿಘಂಟು 1872ರದ್ದು, ನಿಮ್ಮದು 1894. ಇಪ್ಪತ್ತೆರಡು ವರ್ಷ ಲೇಟು" ಎಂದು ಅವನು. "ನಮ್ಮದರಲ್ಲಿ ಸುಮಾರು 70,000 ಪದ ಇದೆ" ಎಂದು ನಾನು. ಸಂಜೆ ಚಂದ್ರಗಿರಿ ಹೊಳೆಯ ಕಡೆಗೆ ನಡೆಯುತ್ತಾ ಕೂಡ ಇದೇ ಜಗಳ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಬಂದರೂ ಮುಗಿಯುತ್ತಿರಲಿಲ್ಲ.

ಇದೆಲ್ಲ ಪುನಃ ನೆನಪಾದದ್ದು ಜರ್ಮನಿಯ ಟ್ಯೂಬಿಂಗನ್ ಎಂಬ ಊರಿನಲ್ಲಿ. ಮಗಳು ಅಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಊರಿನ ಹೊಳೆಯ ಹೆಸರು ನೆಕ್ಕರ್. ಫೋನಿನಲ್ಲಿ ಹೇಳಿದಾಗ ಅಮ್ಮ, "ನೆಕ್ಕರೆಯಾ? ಅದು ಮಾವಿನಹಣ್ಣಲ್ವಾ?" ಎಂದರು.

"ಹತ್ತುವುದು ಎಂತದೂ ಇಲ್ಲ ಅಪ್ಪಾ, ಸುಮ್ನೆ ಚಪ್ಪಲಿ ಹಾಕಿ ಬನ್ನಿ" ಎಂದು ಮಗಳು ಹೊರಡಿಸಿದಳು. ದೊಡ್ಡ ಸೇತುವೆಯ ಮಧ್ಯದಲ್ಲಿ ಮೆಟ್ಟಿಲು ಇಳಿದರೆ ಹೊಳೆಯ ನಡುವಿನ ಉದ್ದನೆಯ ಕುದುರು. ಅದರ ತುಂಬ ಎರಡು ಸಾಲು ಪ್ಲೇನ್ ಮರಗಳು, ಸುಮಾರು 200 ವರ್ಷದವು. ತೊಗಟೆ ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಒಳಗೆ ಹಳದಿ, ಬೂದು, ಹಸಿರು ಮಚ್ಚೆ. ನಮ್ಮ ಪೇರಳೆ ಮರದ ಹಾಗೆಯೇ, ಗಾತ್ರ ಮಾತ್ರ ಹತ್ತು ಪಟ್ಟು. ನೆಲ ಸಪಾಟು. ಮೊಣಗಂಟು ನೋವಿನವರಿಗೆ ಇಷ್ಟು ಒಳ್ಳೆಯ ದಾರಿ ನಾನು ಬೇರೆ ನೋಡಿಲ್ಲ.

ನೀರಿನಲ್ಲಿ ಉದ್ದುದ್ದ ದೋಣಿಗಳು. ಹುಟ್ಟು ಇಲ್ಲ, ಹಿಂದೆ ಒಬ್ಬ ನಿಂತು ಗಳ ಊರಿ ಒತ್ತುತ್ತಾನೆ. ಥೇಟ್ ನಮ್ಮ ಕಡವಿನ ದೋಣಿ. ಆದರೆ ಇಲ್ಲಿ ಆಚೆ ದಡಕ್ಕೆ ಯಾರೂ ಹೋಗುವುದಿಲ್ಲ, ಹಾಯಾಗಿ ಸುತ್ತುತ್ತಾರೆ ಅಷ್ಟೇ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ದೋಣಿ ಪಂದ್ಯ ನಡೆಯುತ್ತದಂತೆ. ಸೋತ ತಂಡದ ಪ್ರತಿಯೊಬ್ಬನೂ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು! ಗೆದ್ದವರಿಗೆ ಏನು ಕೊಡುತ್ತಾರೆಂದು ಕೇಳಲು ಮರೆತೆ.

ಆಚೆ ದಡದಲ್ಲಿ ಹಳದಿ ಬಣ್ಣದ ಒಂದು ಗೋಪುರ, ಕಾಲು ನೀರಿಗಿಟ್ಟ ಹಾಗೆ. ಕವಿ ಹ್ಯೋಲ್ಡರ್ಲಿನ್ ಬುದ್ಧಿ ಕದಡಿದ ಮೇಲೆ 1807ರಿಂದ 1843ರಲ್ಲಿ ಸಾಯುವವರೆಗೆ ಅಲ್ಲೇ ಇದ್ದ. ಒಬ್ಬ ಬಡಗಿಯ ಮನೆಯವರು ಅವನನ್ನು ನೋಡಿಕೊಂಡರು. ಮೂವತ್ತಾರು ವರ್ಷ! ಆ ಕಿಟಕಿಯಿಂದ ಇದೇ ನೀರು. ಅಲ್ಲಿ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕುದುರಿನ ಪಡುವಣ ತುದಿಯ ಸಣ್ಣ ಸೇತುವೆ ದಾಟಿ, ಹಳೆ ಮನೆಗಳ ಬೀದಿಯಲ್ಲಿ ಪೇಟೆಗೆ ಮರಳಿದೆವು. ವಿಶ್ವವಿದ್ಯಾನಿಲಯ ಶುರುವಾದದ್ದು 1477ರಲ್ಲಿ. ಮೇಲೆ ಗುಡ್ಡದಲ್ಲಿ ಕೋಟೆ. ಅದರ ಹಳೆ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದರು. 1869ರಲ್ಲಿ ಮೀಷರ್ ಎಂಬಾತ ಗಾಯದ ಬ್ಯಾಂಡೇಜಿನ ಕೀವಿನಿಂದ ಮೊದಲ ಬಾರಿಗೆ ಡಿಎನ್ಎ ಬೇರ್ಪಡಿಸಿದ್ದು ಅಲ್ಲೇ. ಅದನ್ನು ಕೆಳಗಿನಿಂದಲೇ ನೋಡಿ ಕೈಮುಗಿದೆ. ಹತ್ತುವುದಿಲ್ಲ ಎಂದು ಮಾತಾಗಿತ್ತಲ್ಲ.

ಸ್ಟಿಫ್ಟ್ ಎಂಬ ಹಳೆ ಮಠದ ಬಾಗಿಲಲ್ಲಿ ಮಗಳು ನಿಂತಳು. ಪಾದ್ರಿಯಾಗುವವರು ಉಳಿದು ಓದುವ ಜಾಗ. ಕೆಪ್ಲರ್, ಹೆಗೆಲ್ ಇಲ್ಲಿದ್ದರು ಎಂದಳು. ನಾನು ತಲೆಯಾಡಿಸಿದೆ. "ಗುಂಡರ್ಟ್ ಕೂಡ" ಎಂದಳು. ಆಗ ನನ್ನ ಕಾಲು ನಿಂತಿತು.

ಅವನು ಇಲ್ಲಿಂದ ಹೊರಟು ಪಾದ್ರಿಯಾಗಿ ತಲಶ್ಶೇರಿಗೆ ಬಂದ. ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿದ ಮೋಗ್ಲಿಂಗ್ ಮಂಗಳೂರಿಗೆ ಬಂದು 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ. ತೆಂಕಲಿಗೆ ತಲಶ್ಶೇರಿ, ಬಡಗಲಿಗೆ ಮಂಗಳೂರು, ನಡುವೆ ನಮ್ಮ ಕಾಸರಗೋಡು. ಕಿಟೆಲ್ ಇಲ್ಲಿ ಓದಿದವನಲ್ಲ. ಆದರೆ ಇಲ್ಲಿಯವರು 1896ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟರು. ಕೊನೆಯ ದಿನಗಳನ್ನು ಅವನು ಈ ಊರಲ್ಲೇ ಕಳೆದ. ಕನ್ನಡ ವ್ಯಾಕರಣ ಅಚ್ಚಾದ 1903ರಲ್ಲೇ ಇಲ್ಲಿ ತೀರಿಕೊಂಡ. ಗುಂಡರ್ಟ್ ಸಂಗ್ರಹಿಸಿದ ಹಸ್ತಪ್ರತಿಗಳು ಇಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿವೆ. ನಾವು ಗೋಡೆಯ ಆಚೆ ಈಚೆ ಕೂತು ಓದಿದ ಇಬ್ಬರೂ ಒಂದೇ ಹೊಳೆಯ ನೀರು ಕುಡಿದವರು, ಅಲ್ವಾ?

ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ರಾತ್ರಿ, ಅವನು ಗಂಜಿ ಉಣ್ಣುತ್ತಿದ್ದ. ಎಲ್ಲ ಕೇಳಿಸಿಕೊಂಡು, "ಆದರೂ ನಮ್ಮದು ಇಪ್ಪತ್ತೆರಡು ವರ್ಷ ಮೊದಲು" ಎಂದ.

ಕಾಲೇಜಿನ ಗ್ರಂಥಾಲಯದವರಲ್ಲಿ ಒಂದು ವಿನಂತಿ. ಆ ಹಳೆ ಕಿಟೆಲ್ ಕೋಶ ಇನ್ನೂ ಇದ್ದರೆ, ಕೊನೆಯ ಕಡೆ 'ಹೊಳೆ' ಇರುವ ಪುಟ ಬಿಡಿಸಿ ನೋಡಿ. ಒಣಗಿದ ಅಶ್ವತ್ಥದ ಎಲೆಯೊಂದು ಸಿಗಬಹುದು. ಗುರುತಿಗೆಂದು ಇಟ್ಟವನು ನಾನೇ. ಆಗ ಹೇಳಿದ್ದರೆ ದಂಡ ಹಾಕುತ್ತಿದ್ದರು.