ಆ ಖಾಲಿ ಜಾಗದಾಗ ಏನ್ ಬರ್ತೈತೆ ಮಾಮ?

ಬೇಸಿಗೆಯಲ್ಲಿ ನಮಗೆ ಶನಿವಾರ ಬೆಳಗ್ಗೆ ಹತ್ತಾದರೆ ದಾವಣಗೆರೆಯಲ್ಲಿ ಸಂಜೆ ಏಳೂವರೆ. ಆ ಹೊತ್ತಿಗೆ ಸರಿಯಾಗಿ ಅಕ್ಕನ ಮನೆಯಿಂದ ವಿಡಿಯೋ ಕಾಲ್ ಬರುತ್ತದೆ. ಊಟ ಆಯ್ತಾ, ಮಳೆ ಬಂತಾ ಅಂತ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅವಳ ಮಗ ಫೋನ್ ಕಸಿದುಕೊಂಡಿರುತ್ತಾನೆ. "ಮಾಮ, ಆ ವೋರ್ಟೆಕ್ಸ್ ಇದ್ದ ಜಾಗದಾಗ ಏನಾದ್ರೂ ಸುರು ಆಯ್ತಾ?"

ನಾನಿರುವುದು ಒಹಾಯೊ ರಾಜ್ಯದ ಮೇಸನ್ನಿನಲ್ಲಿ, ಸಿನ್ಸಿನಾಟಿಗೆ ಉತ್ತರದ ಊರು. ಇಲ್ಲಿ 1972ರಲ್ಲಿ ಶುರುವಾದ ಕಿಂಗ್ಸ್ ಐಲೆಂಡ್ ಎಂಬ ಅಮ್ಯೂಸ್‌ಮೆಂಟ್ ಪಾರ್ಕ್ ಇದೆ. ಬಾಗಿಲು ದಾಟಿದರೆ ಎದುರಿಗೇ ಐಫೆಲ್ ಗೋಪುರದ ಚಿಕ್ಕ ನಕಲು. ಚಿಕ್ಕದು ಅಂದರೂ 314 ಅಡಿ. ಒಳಗೆ ಕಾಡಿನ ಮಧ್ಯೆ 1979ರಿಂದ ಓಡುತ್ತಿರುವ 'ದಿ ಬೀಸ್ಟ್' ಇದೆ, 7,361 ಅಡಿ ಉದ್ದದ ಮರದ ರೋಲರ್ ಕೋಸ್ಟರ್. ಮರದ್ದರಲ್ಲಿ ಜಗತ್ತಿಗೇ ಅದು ಉದ್ದದ್ದು. ಗಾಳಿ ನಮ್ಮ ಕಡೆ ತಿರುಗಿದ ಸಂಜೆ ಹಿತ್ತಲಲ್ಲಿ ಬಟ್ಟೆ ಮಡಚುತ್ತಾ ನಿಂತರೆ ದೂರದಿಂದ ಜನರ ಕೂಗು ಅಲೆ ಅಲೆಯಾಗಿ ಕೇಳುತ್ತದೆ. ಮೊದಲ ವರ್ಷ ಆ ಕೂಗು ಕೇಳಿದಾಗಲೆಲ್ಲ ನನಗೆ ಊರಿನ ಜಾತ್ರೆ ನೆನಪಾಗಿ ಗಂಟಲು ಕಟ್ಟುತ್ತಿತ್ತು.

ನನ್ನ ಅಳಿಯ ಕೇಳುವ ವೋರ್ಟೆಕ್ಸ್ ಇದೇ ಪಾರ್ಕಿನ ಇನ್ನೊಂದು ಕೋಸ್ಟರ್, 1987ರಲ್ಲಿ ಬಂದದ್ದು. ಒಂದೇ ಓಟದಲ್ಲಿ ಆರು ಸಲ ತಲೆಕೆಳಗು ಮಾಡಿದ ಮೊದಲ ಕೋಸ್ಟರ್ ಅದು. 2019ರ ಅಕ್ಟೋಬರ್ 27ಕ್ಕೆ ಕಡೆಯ ಓಟ ಓಡಿತು, ಆಮೇಲೆ ಬಿಚ್ಚಿ ಹಾಕಿದರು. ಅಂದಿನಿಂದ ಅಲ್ಲಿ ಏನು ಬರುತ್ತದೆ ಅನ್ನುವ ಮಾತು ನಿಂತಿಲ್ಲ. ಕಿರಾಣಿ ಅಂಗಡಿಯ ಸಾಲಿನಲ್ಲಿ, ಶಾಲಾ ಬಸ್ಸು ಕಾಯುವಲ್ಲಿ, ಕನ್ನಡದವರ ಮನೆಯ ಗಣಪತಿ ಊಟದ ಪಂಕ್ತಿಯಲ್ಲೂ ಅದೇ ಮಾತು. ಬಿಡದಿಯ ವಂಡರ್‌ಲಾದಲ್ಲಿ ಒಂದೇ ಒಂದು ಸಲ ಕೋಸ್ಟರ್ ಹತ್ತಿರುವ ಹುಡುಗ ದಾವಣಗೆರೆಯಲ್ಲಿ ಕೂತು ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಅಕ್ಕ ಬೈಯುತ್ತಾಳೆ. ನನಗೆ ಮಾತ್ರ ಅವನ ಸಂಕಟ ಪೂರ್ತಿ ಅರ್ಥವಾಗುತ್ತದೆ.

ಈ ಊಹೆ ಬಾಯಿಗೆ ಬಂದ ಮಾತಲ್ಲ, ಅದಕ್ಕೆ ಲೆಕ್ಕವಿದೆ. ಅಮೆರಿಕದಲ್ಲಿ 200 ಅಡಿಗಿಂತ ಎತ್ತರದ ಏನನ್ನೇ ಕಟ್ಟಬೇಕಾದರೂ ವಿಮಾನಯಾನ ಇಲಾಖೆಗೆ ಮೊದಲೇ ತಿಳಿಸಬೇಕು. ಜಾಗ ಎಲ್ಲಿ, ಎತ್ತರ ಎಷ್ಟು ಅಂತ ಬರೆದುಕೊಟ್ಟ ಆ ಕಾಗದ ಯಾರು ಬೇಕಾದರೂ ನೋಡಬಹುದಾದದ್ದು. ನಗರಸಭೆಯ ಯೋಜನಾ ಸಮಿತಿಯ ಮುಂದೆ ಬರುವ ನಕ್ಷೆಗಳೂ ಹಾಗೆಯೇ. ಹೊಸ ಹೆಸರಿಗೆ ಟ್ರೇಡ್‌ಮಾರ್ಕ್ ಕೇಳಿ ಅರ್ಜಿ ಹಾಕಿದರೆ ಅದೂ ಹೊರಗೆ ಬರುತ್ತದೆ. ಇಷ್ಟರಲ್ಲಿ ಹೆಸರನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಹೆಸರು ತೆಗೆದಿಟ್ಟುಕೊಂಡು ಸುಮ್ಮನಾಗುವ ಕಂಪನಿಗಳು ಬೇಕಾದಷ್ಟಿವೆ. ನಾನು ನಂಬುವುದು ಲಾರಿಯ ಮೇಲೆ ಬಂದ ಕಬ್ಬಿಣವನ್ನು.

ಹಾಗೆ ನಂಬುವುದನ್ನು ಕಲಿಸಿದವರು ನಮ್ಮ ಪಕ್ಕದ ಮನೆಯ ಹಿರಿಯರು, ಕೆಲಸದಿಂದ ನಿವೃತ್ತರಾದ ಮೆಕ್ಯಾನಿಕ್ಕು. 2018ರ ಅಕ್ಟೋಬರ್‌ನಲ್ಲಿ ಪಾರ್ಕಿನವರು ಫೈರ್‌ಹಾಕ್ ಎಂಬ ಕೋಸ್ಟರನ್ನು ನಿಲ್ಲಿಸಿ ಕಿತ್ತರು. ಅದು ಮುಂಚೆ ಇದೇ ರಾಜ್ಯದ ಗಿಯಾಗಾ ಲೇಕ್ ಎಂಬ ಪಾರ್ಕಿನಲ್ಲಿದ್ದದ್ದು, ಇಲ್ಲಿಗೆ ತಂದು 2007ರಲ್ಲಿ ಓಡಿಸಿದ್ದರು. ಅದು ಹೋದ ಮೇಲೆ ಊರೆಲ್ಲ ಗುಲ್ಲು. ನನಗೆ ಆಗ ಇಲ್ಲಿ ಸ್ನೇಹಿತರಿರಲಿಲ್ಲ. ಚಳಿಗಾಲ ಪೂರ್ತಿ ಆಫೀಸು, ಮನೆ, ಮತ್ತೆ ಆಫೀಸು. ಮಾರ್ಚಿನ ಒಂದು ಬೆಳಗ್ಗೆ ಹಿರಿಯರು ಬೇಲಿಯ ಆ ಕಡೆಯಿಂದ ನನ್ನನ್ನು ಕರೆದು, ಒಂದು ಚಂದದ ವಸ್ತು ತೋರಿಸುತ್ತೇನೆ ಬಾ, ಮಗನನ್ನೂ ಕರೆದುಕೋ ಅಂದರು.

ಅರ್ಧ ಗಂಟೆಯ ದಾರಿ. ಬಟೇವಿಯಾ ಎಂಬ ಊರಲ್ಲಿ ಒಂದು ಉಕ್ಕಿನ ಕಾರ್ಖಾನೆ ಇದೆ. ಬೋಲಿಗರ್ ಮತ್ತು ಮಾಬಿಲಾರ್ ಅನ್ನುವ ಸ್ವಿಟ್ಜರ್ಲೆಂಡಿನ ಕಂಪನಿ ಕೋಸ್ಟರಿನ ವಿನ್ಯಾಸ ಮಾಡುತ್ತದೆ, ಅದರ ಹಳಿ ಬೆಸೆಯುವುದು ಇಲ್ಲಿ. ರಸ್ತೆಯ ಪಕ್ಕ ಕಾರು ನಿಲ್ಲಿಸಿ ಹಿರಿಯರು ದುರ್ಬೀನು ಕೈಗೆ ಕೊಟ್ಟರು. ಅಂಗಳದಲ್ಲಿ ನೀಲಿ ಹಳಿಯ ತುಂಡುಗಳು ಬಿದ್ದಿದ್ದವು. ಕೆಳಗೆ ಪೆಟ್ಟಿಗೆಯಂಥ ಚೌಕದ ದಪ್ಪ ಬೆನ್ನು, ಅದರ ಮೇಲೆ ಅಡ್ಡಪಟ್ಟಿಗಳು, ಅವುಗಳ ತುದಿಗೆ ಎರಡು ದುಂಡನೆಯ ಕೊಳವೆ. ತುದಿಯಲ್ಲಿ ಬೋಲ್ಟಿನ ತೂತುಗಳು ಸಾಲಾಗಿ ಕಾಣುತ್ತಿದ್ದವು. ಆ ಚೌಕದ ಬೆನ್ನು ಕಂಡರೆ ಯಾರ ಕೈಕೆಲಸ ಅಂತ ಕೇಳಬೇಕಾಗಿಲ್ಲ, ತುಂಡು ಎಷ್ಟು ನಿಧಾನವಾಗಿ ಬಾಗಿದೆಯೋ ಗಾಡಿ ಅಷ್ಟು ಜೋರಾಗಿ ಓಡುತ್ತದೆ ಅಂದರು ಹಿರಿಯರು. ವೇಗ ಹೆಚ್ಚಿದ್ದ ಕಡೆ ತಿರುವು ಗಿಡ್ಡ ಇದ್ದರೆ ಮೈ ತಡೆಯುವುದಿಲ್ಲ, ಅದಕ್ಕೇ ದೊಡ್ಡ ಕೋಸ್ಟರಿನ ತಿರುವು ದೊಡ್ಡದು. ಆಗ ಏಳು ವರ್ಷದವನಿದ್ದ ನನ್ನ ಮಗ ದುರ್ಬೀನು ಬಿಡಲೇ ಇಲ್ಲ.

ಹಿರಿಯರು ಅವತ್ತೇ 300 ಅಡಿ ಅಂದಿದ್ದರು. 2019ರ ಆಗಸ್ಟ್ 15ಕ್ಕೆ ಪಾರ್ಕಿನವರು ಹೊಸ ಕೋಸ್ಟರಿಗೆ ಒರಾಯನ್ ಅಂತ ಹೆಸರು ಹೇಳಿದರು: ಎತ್ತರ 287 ಅಡಿ, ಮೊದಲ ಇಳಿತ 300 ಅಡಿ, ವೇಗ ಗಂಟೆಗೆ 91 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 146 ಕಿಲೋಮೀಟರ್. ನೆಲ ತಗ್ಗಿರುವಲ್ಲಿಗೆ ಗಾಡಿ ಇಳಿಯುವುದರಿಂದ ಎತ್ತರಕ್ಕಿಂತ ಇಳಿತವೇ ಹೆಚ್ಚು. ಕೂಡಲೇ ಜಗಳ ಶುರು. 300 ಅಡಿ ಮುಟ್ಟಿದ ಕೋಸ್ಟರಿಗೆ 'ಗಿಗಾ' ಅನ್ನುತ್ತಾರೆ. ಇದನ್ನು ಗಿಗಾ ಅನ್ನಬಹುದೋ ಬಾರದೋ? ಹಿರಿಯರು ಇಳಿತವನ್ನೇ ಲೆಕ್ಕಕ್ಕೆ ಹಿಡಿಯಬೇಕು ಅಂತ ಹಟ ಹಿಡಿದರು. ನಾನೂ ಅದೇ ಪಕ್ಷ. ಮುಂದಿನ ಸೀಟಿನಲ್ಲಿ ಕೂತು ತುದಿಯಿಂದ ಬಗ್ಗಿ ನೋಡಿದವನಿಗೆ ನೆಲ ಕಾಣುವುದು ಕೆಳಗೆ, ಅಳತೆಪಟ್ಟಿ ಕಾಣುವುದಿಲ್ಲ. ಕೊರೊನಾ ಬಂದು ಪಾರ್ಕು ತಡವಾಯಿತು. 2020ರ ಜುಲೈ 2ಕ್ಕೆ ಅದು ಓಡತೊಡಗಿದಾಗ ಆ ನೀಲಿ ತುಂಡುಗಳನ್ನು ಮಗ ನೆಲದಿಂದಲೇ ಬೆರಳು ಮಾಡಿ ತೋರಿಸಿದ, "ಅಪ್ಪ, ನಾವು ನೋಡಿದ್ದು ಅದೇ."

ದಾವಣಗೆರೆಯವರಿಗೆ ಇದೇನು ಹೊಸದೇ? ಎರಡು ವರ್ಷಕ್ಕೊಮ್ಮೆ ದುರ್ಗಮ್ಮನ ಜಾತ್ರೆ ಬಂದಾಗ, ಮಧ್ಯೆ ಹೈಸ್ಕೂಲ್ ಮೈದಾನದಲ್ಲಿ ವಸ್ತುಪ್ರದರ್ಶನ ಹಾಕಿದಾಗ, ಸ್ಕೂಲು ಬಿಟ್ಟ ಕೂಡಲೇ ನಾವೆಲ್ಲ ಓಡುತ್ತಿದ್ದುದು ಲಾರಿ ನೋಡಲಿಕ್ಕೆ. ಟಾರ್ಪಾಲು ಬಿಚ್ಚುವ ಮುಂಚೆಯೇ ಬಾಜಿ. ಬಾಗಿದ ಹಲಗೆ ಇಳಿದರೆ ಮರಣ ಬಾವಿ. ಉದ್ದನೆಯ ದೋಣಿಯ ಮೂತಿ ಕಂಡರೆ ಕೊಲಂಬಸ್. ತೊಟ್ಟಿಲು ಇಳಿಸುವಾಗ ಒಂದೊಂದಾಗಿ ಎಣಿಸಿ ಜಾಯಿಂಟ್ ವೀಲ್ ಹೋದ ಸಲದ್ದಕ್ಕಿಂತ ದೊಡ್ಡದೋ ಸಣ್ಣದೋ ಹೇಳುತ್ತಿದ್ದೆವು. ಒಂದು ಸಲ ಎಣಿಕೆಯಲ್ಲಿ ಹನ್ನೆರಡಕ್ಕೆ ನಿಂತುಬಿಟ್ಟಿತು, ಹೋದ ಸಲ ಹದಿನಾರಿತ್ತು. ಗೆಳೆಯನೊಬ್ಬ ಅಳುಮೋರೆ ಮಾಡಿಕೊಂಡ. ಕತ್ತಲಾಗುವ ಹೊತ್ತಿಗೆ ಇನ್ನೊಂದು ಲಾರಿ ಬಂತು ನೋಡಿ, ನಾವು ಮಂಡಕ್ಕಿ ಪೊಟ್ಟಣ ಅಲ್ಲೇ ಬಿಟ್ಟು ಓಡಿದೆವು.

ಚಿತ್ರದುರ್ಗದ ಕಡೆ ಹೋಗುವಾಗಲೂ ಹಾಗೇ ಆಗಿತ್ತು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಳುತ್ತಿದ್ದ ಕಾಲ. ಹೈವೇಯಲ್ಲಿ ಒಂದು ಉದ್ದ ಲಾರಿ, ಅದರ ಮೇಲೆ ಬಿಳಿಯ ಅದೇನೋ ಒಂದು, ಮೀನಿನ ರೆಕ್ಕೆಯ ಹಾಗೆ. ಬಸ್ಸು ನಿಂತಿತು. ವಿಮಾನದ ರೆಕ್ಕೆ ಅಂದರು ಒಬ್ಬರು, ಹಡಗಿನದು ಅಂದರು ಇನ್ನೊಬ್ಬರು. ಅಪ್ಪ ಮಾತ್ರ ಕಿಟಕಿಯಿಂದ ಗುಡ್ಡದ ಕಡೆ ಕೈ ತೋರಿಸಿ, "ಅಲ್ಲೆ ಮ್ಯಾಲೆ ಹೋಗ್ತೈತೆ ಅದು" ಅಂದಿದ್ದರು. ಅಪ್ಪನ ಊಹೆ ಸರಿಯಾದದ್ದಕ್ಕೆ ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದ್ದೆ.

ವೋರ್ಟೆಕ್ಸ್ ಜಾಗಕ್ಕೆ ಬರುತ್ತೇನೆ. 2024ರ ಜುಲೈ 1ಕ್ಕೆ ಈ ಪಾರ್ಕಿನ ಮಾಲೀಕ ಕಂಪನಿ ಸಿಕ್ಸ್ ಫ್ಲ್ಯಾಗ್ಸ್ ಎಂಬ ಇನ್ನೊಂದು ಪಾರ್ಕು ಕಂಪನಿಯ ಜತೆ ಒಂದಾಯಿತು. ಈಗ ಒಂದೇ ಮನೆಯಲ್ಲಿ ಮಕ್ಕಳು ಹೆಚ್ಚು, ಹೊಸ ಬಟ್ಟೆ ಈ ಸಲ ಯಾರಿಗೆ ಅನ್ನುವ ಪ್ರಶ್ನೆ. ಕಾಡಿನ ತಗ್ಗಿಗೆ ನುಗ್ಗುವ, ಮೇಲಕ್ಕೆಳೆಯುವ ಚೈನು ಇಲ್ಲದೆ ಒಂದೇ ಏಟಿಗೆ ಚಿಮ್ಮುವ ಕೋಸ್ಟರ್ ಬೇಕು ಅಂತ ಹುಡುಗರ ಆಸೆ. ನನ್ನ ಅಳಿಯನೂ ಅದೇ ಗುಂಪು. ಚೆನ್ನೈ ವಂಡರ್‌ಲಾದಲ್ಲಿ 2025ರ ಡಿಸೆಂಬರ್‌ನಲ್ಲಿ ತಂಜೋರ ಎಂಬ ಕೋಸ್ಟರ್ ಬಂದಾಗ ಅದೂ ಬೋಲಿಗರ್ ಮಾಬಿಲಾರ್ ಕೆಲಸವೇ ಅಂತ ಅವನು ನನಗೆ ರಾತ್ರಿ ಎಬ್ಬಿಸಿ ಹೇಳಿದ್ದ. ಕಾಲು ಕೆಳಗೆ ಬಿಟ್ಟು ತೂಗುವಂಥದ್ದು, ನಮ್ಮ ದೇಶಕ್ಕೇ ಆ ಕಂಪನಿಯ ಮೊದಲನೆಯದು.

ನನಗನ್ನಿಸುವುದು ಬೇರೆ. ವೋರ್ಟೆಕ್ಸ್ ಕಡೆಯ ದಿನ ನಾನು ಹಿರಿಯರ ಜತೆ ಸಾಲಿನಲ್ಲಿ ನಿಂತಿದ್ದೆ. 1987ರಲ್ಲಿ ಮಗಳನ್ನು ಹೆಗಲಿಗೆ ಒರಗಿಸಿಕೊಂಡು ನಿಂತದ್ದು ಇದೇ ಸಾಲಿನಲ್ಲಿ ಅಂದರು. ಈಗ ಮಗಳಿಗೂ ಮಕ್ಕಳು. ಇವರ ಸೊಂಟಕ್ಕೆ ಗಿಗಾ ಆಗುವುದಿಲ್ಲ, ಮೊಮ್ಮಕ್ಕಳ ಎತ್ತರ ಸಾಲುವುದಿಲ್ಲ. ಅಜ್ಜನೂ ಮೊಮ್ಮಗಳೂ ಅಕ್ಕಪಕ್ಕ ಕೂತು ಹತ್ತುವಂಥದ್ದು ಆ ಜಾಗಕ್ಕೆ ಬರಲಿ ಅಂತ ನನ್ನ ಆಸೆ. ಎತ್ತರ ಬೇಡ, ಮರಗಳ ನಡುವೆ ಉದ್ದಕ್ಕೆ ಓಡಲಿ. ಅಳಿಯನಿಗೆ ಹೇಳಿದರೆ, "ಮಾಮ, ನಿಮಗೆ ವಯಸ್ಸಾತು" ಅನ್ನುತ್ತಾನೆ.

ಈ ಸಲದ ದುರ್ಗಮ್ಮನ ಜಾತ್ರೆಗೆ ಮಾತು ತಿರುಗಿತು. ಇಲ್ಲಿ ರಾತ್ರಿ ಒಂಬತ್ತು, ಹೊರಗೆ ಹಿಮ, ಪಾರ್ಕು ಮುಚ್ಚಿ ತಿಂಗಳುಗಳಾಗಿದ್ದವು. ಅಳಿಯ ಒಂದು ಫೋಟೋ ಕಳಿಸಿದ: ಲಾರಿಯ ಹಿಂಭಾಗ, ಅರ್ಧ ಸರಿದ ಟಾರ್ಪಾಲು, ಬಾಗಿದ ಹಳದಿ ಕಬ್ಬಿಣ. ಕೆಳಗೆ ನನ್ನ ಮಗನಿಗೆ ಸವಾಲು, ಏನಿದು ಹೇಳು. ಮಗ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ. ಕಾಲ್ ಹಚ್ಚಿದ.

"ಕೊಳವೆ ಎರಡಿದ್ದು ಮಧ್ಯೆ ಪಟ್ಟಿ ಇದ್ದರೆ ಡ್ರ್ಯಾಗನ್ ಟ್ರೈನಿನ ಹಳಿ. ಒಂದೇ ಇದ್ದರೆ ವೀಲ್. ಆ ಕಡೆಯಿಂದ ಒಂದು ಫೋಟೋ ಬೇಕು."

"ಇಲ್ಲ, ಜಾಯಿಂಟ್ ವೀಲೇ," ಅಂದ ಅಳಿಯ. "ನಾನು ಕಾಲೇಜಿಗೆ ಹೊಂಟೆ, ಹೊತ್ತಾತು."

ಹಿಂದೆ ಅಡುಗೆಮನೆಯಿಂದ ನಮ್ಮವ್ವನ ದನಿ ಕೇಳಿತು. "ಎಷ್ಟು ಕೊಳವೆ ಅದಾವೆ ನೋಡ್ಬೇಕೇನು? ಹೆಂಗೂ ಅಮ್ಮಗೆ ಕಾಯಿ ಒಡಸಾಕೆ ಹೋಗ್ಬೇಕು, ನಾನೇ ನೋಡ್ಕಂಡು ಬರ್ತೀನಿ ತಡಿ." ಫೋನು ಟೇಬಲ್ಲಿನ ಮೇಲೆ ಹಾಗೇ ಉಳಿದಿತ್ತು, ಮಗ ಹಾಸಿಗೆಗೆ ಹೋಗದೆ ಅದರ ಮುಂದೆಯೇ ಕೂತ. ಬಾಗಿಲ ಹತ್ತಿರ ಅವ್ವ ಚಪ್ಪಲಿ ಮೆಟ್ಟಿದ ಸಪ್ಪಳ ನಮಗೆ ಇಲ್ಲಿಗೆ ಕೇಳಿತು.