ಎಣ್ಣೆ ಕುಡಿದ ಮರ

ಬೆಳಿಗ್ಗೆ ಆರೂವರೆಗೇ ಮಾಮನ ಫೋನ್. "ಅಳಿಯಾ, ಬಂದೂಕು ಸೀಳೈತೆ. ಬಳ್ಳಾರಿಗೆ ಬರ್ತಾ ಇದ್ದೀನಿ, ಮನೇಲೇ ಇರು."

ಎದೆ ಧಸಕ್ಕೆಂದಿತು. ನಳಿಗೆ ಸೀಳಿತಾ ಅಂದುಕೊಂಡೆ. ಅಲ್ಲ, ಮರ ಸೀಳಿತ್ತು. ಬಂದೂಕಿನ ಕಬ್ಬಿಣವೆಲ್ಲ ಕೂರುವ ಮರದ ಮೈ ಇರುತ್ತದಲ್ಲ, ಅದು. ಸ್ಟಾಕ್ ಅನ್ನುತ್ತಾರೆ. ಮಾಮನಿಗೆ ಮಾತ್ರ ಅದು ಮುಂದಿನಿಂದ ಹಿಂದಿನವರೆಗೂ 'ಬಟ್ಟು'.

ಮಾಮ ಇರುವುದು ಸಂಡೂರು ತಾಲ್ಲೂಕಿನ ಹಳ್ಳಿಯಲ್ಲಿ. ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದ. ನಿವೃತ್ತಿಯಾಗಿ ಬಂದ ಮೇಲೆ ಲೈಸೆನ್ಸ್ ಮಾಡಿಸಿ, ಸ್ವಂತ ಬಂದೂಕು ತಗೊಂಡು ಒಂದು ಗಣಿಯಲ್ಲಿ ಗನ್‌ಮ್ಯಾನ್ ಆಗಿ ಸೇರಿದ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಆ ಕೆಲಸವೂ ಹೋಯಿತು. ಬಂದೂಕು ಉಳಿಯಿತು. ಸೈನ್ಯದವರ ಬೋರು, ಅಂದ್ರೆ ನಳಿಗೆಯ ಒಳ ಅಳತೆ, ನಮ್ಮಂಥವರಿಗೆ ಸಿಗುವುದಿಲ್ಲ, ಹಾಗಾಗಿ ಮಾಮನದು .315 ಬೋರಿನ ಬೋಲ್ಟ್ ರೈಫಲ್. ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಕಬ್ಬಿಣದ ತುಂಡನ್ನು ಕೈಯಿಂದ ಹಿಂದೆ ಮುಂದೆ ಎಳೆಯಬೇಕು. ನೋಡಲು ಹಳೆಯ ಮಿಲಿಟರಿ ರೈಫಲ್‌ನ ತಮ್ಮನ ಹಾಗೇ ಇದೆ. ಯಾರ ಮೇಲೂ ಎತ್ತಿದ್ದಲ್ಲ. ವರ್ಷಕ್ಕೊಮ್ಮೆ ಅನುಮತಿ ತಗೊಂಡು ರೇಂಜ್‌ಗೆ, ಅಂದ್ರೆ ಗುರಿ ಅಭ್ಯಾಸದ ಮೈದಾನಕ್ಕೆ, ಹೋಗಿ ನಾಲ್ಕೈದು ಗುಂಡು ಹೊಡೆದು ಬರುತ್ತಾನೆ, ಅಷ್ಟೇ. ಮಿಕ್ಕ ದಿನವೆಲ್ಲ ಒರೆಸುವುದು, ಎಣ್ಣೆ ಹಚ್ಚುವುದು, ಬೀರುವಿನಲ್ಲಿ ನಿಲ್ಲಿಸುವುದು. "ನನಗೆ ಇಷ್ಟು ಉಪಚಾರ ಮಾಡಿದ್ರೆ ಮೊಣಕಾಲು ನೋವೇ ಇರ್ತಿರ್ಲಿಲ್ಲ" ಅಂತ ಅತ್ತೆ ಅನ್ನುತ್ತಿರುತ್ತಾಳೆ.

ಚುನಾವಣೆ ಬಂದರೆ ಸಾಮಾನ್ಯವಾಗಿ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಕೊಡಬೇಕು. 2024ರ ಲೋಕಸಭೆ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಯಿತು. ನಮ್ಮ ಕಡೆ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ನಮ್ಮ ಬೇಸಿಗೆ ಎಂಥದ್ದು ಅಂತ ಗೊತ್ತಲ್ವಾ? ಆ ಬೇಸಿಗೆ ಪೂರ್ತಿ ಬಂದೂಕು ಠಾಣೆಯ ಕೋಣೆಯಲ್ಲಿ ಒಣಗಿತು. ಜೂನ್‌ನಲ್ಲಿ ವಾಪಸ್ ಬಂತು. ಆಗಸ್ಟ್‌ನಲ್ಲಿ ಮಾಮ ರೇಂಜ್‌ಗೆ ಹೋದ. ಮೂರನೇ ಗುಂಡಿಗೆ ಚಟ್ ಅಂತ ಸಣ್ಣ ಸದ್ದು. ಬೋಲ್ಟಿನ ಹಿಂದೆ, ಕೈ ಹಿಡಿಯುವ ತೆಳ್ಳನೆಯ ಜಾಗದಲ್ಲಿ, ಕೂದಲೆಳೆಯಂಥ ಗೆರೆ.

"ಠಾಣೆಯವರು ಬಿಸಿಲಿಗೆ ಇಟ್ಟು ಹಾಳು ಮಾಡಿದ್ರು" ಅಂತ ಬೈಯುತ್ತಲೇ ನಮ್ಮ ಮನೆಗೆ ಬಂದ. ಉಪ್ಪಿಟ್ಟು ತಿನ್ನುವಾಗಲೂ ಬೈದ. ಬಂದೂಕಿನ ಅಂಗಡಿಯವರೆಗೂ ಬೈದ.

ಅಂಗಡಿಯ ಹಿಂಭಾಗದಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ. ಎಲ್ಲರಿಗೂ ಅವರು ಚಾಚಾ. ಪೇಪರ್ ಓದುತ್ತಾ ಕೂತಿದ್ದರು. ಆ ವಾರ ಎಲ್ಲರ ಬಾಯಲ್ಲೂ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಮಾತೇ. ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಗೇಟು ಕೊಚ್ಚಿ ಹೋಗಿತ್ತು. ಮಾಮನ ಕಥೆ ಕೇಳಿ ಚಾಚಾ ಪೇಪರ್ ಮಡಚಿಟ್ಟರು. "ಅಷ್ಟು ದೊಡ್ಡ ಕಬ್ಬಿಣಾನೇ ಹೋಗೈತೆ ಸಾಹೇಬ್ರೆ, ನಿಮ್ಮ ಮರ ಯಾವ ಲೆಕ್ಕ" ಅಂದರು. ಲೈಸೆನ್ಸ್ ಪುಸ್ತಕ ನೋಡಿ ರಿಜಿಸ್ಟರ್‌ನಲ್ಲಿ ಬರೆಸಿಕೊಂಡ ಮೇಲೆಯೇ ಬಂದೂಕಿಗೆ ಕೈ ಹಾಕಿದ್ದು.

ಎರಡು ಸ್ಕ್ರೂ ಬಿಚ್ಚಿ ಕಬ್ಬಿಣವನ್ನು ಮರದಿಂದ ಎತ್ತಿದರು. ಸ್ಕ್ರೂ ಬಿಚ್ಚಲು ಜೋರೇ ಬೇಕಾಗಲಿಲ್ಲ. ಅರ್ಧ ಸಡಿಲವಾಗಿಯೇ ಇತ್ತು. ಕಬ್ಬಿಣ ಕೂರಲು ಮರದ ಒಳಗೆ ಕೆತ್ತಿದ ಗುಂಡಿಯನ್ನು ನಮ್ಮ ಮುಂದೆ ಹಿಡಿದರು. ಹೊರಗೆ ಕಂದು ಬಣ್ಣದ ಚೆಂದದ ಮರ. ಒಳಗೆ, ಬೋಲ್ಟಿನ ಹಿಂದಿನ ಭಾಗದಲ್ಲಿ, ಕಪ್ಪಗೆ ಬಸಬಸ ಅನ್ನುವ ಮರ. ಅದರ ಮೇಲೆ ಸಂಡೂರಿನ ಕೆಂಪು ಅದಿರಿನ ಧೂಳು ಕೆಸರಿನ ಹಾಗೆ ಕೂತಿತ್ತು. ಚಾಚಾ ಹೆಬ್ಬೆರಳಿನ ಉಗುರು ಒತ್ತಿದರು. ನೆನೆಸಿದ ಕಡಲೆಗೆ ಇಳಿದ ಹಾಗೆ ಉಗುರು ಇಳಿಯಿತು.

"ಬೀರುವಿನಾಗ ಬಾಯಿ ಮೇಲೆ ಮಾಡಿ ನಿಲ್ಲಿಸ್ತಿದ್ರಾ?"

"ಹೂಂ. ಮತ್ತೆ ಹೆಂಗ ನಿಲ್ಲಿಸ್ತಾರ?"

"ಎಣ್ಣೆ ಜಾಸ್ತಿ ಹಾಕ್ತಿದ್ರಾ?"

ಮಾಮ ಹೆಮ್ಮೆಯಿಂದ "ವಾರಕ್ಕೊಂದು ಸಲ" ಅಂದ.

ಚಾಚಾ ಏನೂ ಅನ್ನಲಿಲ್ಲ. ಉಗುರಿಗೆ ಹತ್ತಿದ ಕಪ್ಪನ್ನು ಬಟ್ಟೆಗೆ ಒರೆಸಿಕೊಂಡರು, ಅಷ್ಟೇ. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದರು. ಕಬ್ಬಿಣಕ್ಕೆ ಹಾಕಿದ ಮಷೀನ್ ಎಣ್ಣೆ ಬೋಲ್ಟಿನ ಜಾಗದಿಂದ ಹನಿಹನಿಯಾಗಿ ಕೆಳಗಿಳಿದು ಆ ತೆಳ್ಳನೆಯ ಮರದಲ್ಲೇ ನಿಲ್ಲುತ್ತದೆ. ಅದು ಒಣಗುವ ಎಣ್ಣೆಯಲ್ಲ. ಮರ ಕುಡಿಯುತ್ತಾ ಹೋಗುತ್ತದೆ, ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಉಳಿದ ಮರ ಒಣಗಿ ಕುಗ್ಗಿದಾಗ ಸ್ಕ್ರೂ ಸಡಿಲ. ಗುಂಡು ಹೊಡೆದಾಗ ಕಬ್ಬಿಣ ಹಿಂದಕ್ಕೆ ಜಾರಿ ಆ ಮೆತ್ತಗಿನ ಜಾಗಕ್ಕೇ ಉಳಿಯ ಹಾಗೆ ಗುದ್ದುತ್ತದೆ. ಠಾಣೆಯದು ಒಂದು ಪಾಲು ಇರಬಹುದು. ದೊಡ್ಡ ಪಾಲು ಬೀರುವಿನದು.

"ಅಂಟು ಹಾಕಿ ಕೂಡಿಸಕ್ಕೆ ಆಗಲ್ವಾ?" ಅಂದೆ.

"ಎಣ್ಣೆ ಕುಡಿದ ಮರಕ್ಕೆ ಅಂಟು ಹತ್ತಲ್ಲ ಬೇಟಾ."

ಮಾಮ ಸುಮ್ಮನಾಗಿಬಿಟ್ಟ. ಅಷ್ಟು ಹೊತ್ತು ಬೈದವನು ಒಂದು ಲೋಟ ನೀರು ಕುಡಿದು ಹೊರಗೆ ನೋಡುತ್ತಾ ಕೂತ. ನನಗೆ ಪಾಪ ಅನ್ನಿಸಿತು. ಇಪ್ಪತ್ತು ವರ್ಷದ ಆರೈಕೆಯೇ ಮರವನ್ನು ತಿಂದಿತ್ತು.

ಸೈನ್ಯದಲ್ಲಿ ಮಾಮ ಕಲಿತದ್ದು ಬೇರೆ ಎಣ್ಣೆ. ಮರಕ್ಕೆ ಅಗಸೆ ಎಣ್ಣೆ. ಹೌದು, ನಮ್ಮ ಕಡೆ ರೊಟ್ಟಿ ಜೊತೆ ಚಟ್ನಿ ಪುಡಿ ಮಾಡಿ ತಿನ್ನುವ ಅದೇ ಅಗಸೆ. ಆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಅಂಗೈಯಲ್ಲಿ ಬಿಸಿಯಾಗುವವರೆಗೆ ತಿಕ್ಕಿ ತಿಕ್ಕಿ ಮರಕ್ಕೆ ಹಚ್ಚಬೇಕಂತೆ. ಮಾಮ ಅದನ್ನೂ ಹಚ್ಚುತ್ತಿದ್ದ. ಹೊರಗಿನ ಮೈ ಕನ್ನಡಿಯಂತಿತ್ತು. ಒಳಗಿಳಿದದ್ದು ಮಾತ್ರ ಇನ್ನೊಂದು ಎಣ್ಣೆ.

ಈಗ ಎರಡು ದಾರಿ. ಹೊಸ ಅಕ್ರೋಟು ಮರದ ಸ್ಟಾಕ್ ಕೆತ್ತಿಸುವುದು, ಅದಕ್ಕೆ ಎರಡು ತಿಂಗಳು ಕಾಯಬೇಕು. ಇಲ್ಲ ಅಂದ್ರೆ ಅಂಗಡಿಯಲ್ಲೇ ಒಂದು ಫೈಬರ್ ಸ್ಟಾಕ್ ಇತ್ತು. ಯಾರೋ ಮಾಡಿಸಿ ಬಿಟ್ಟು ಹೋದದ್ದು. ಒಳಗಿನ ಗುಂಡಿ ತಿದ್ದಿದರೆ ಇದಕ್ಕೆ ಕೂರುತ್ತದೆ.

ನಾನು ಮರದ ಪಕ್ಷ. ಮಿಲಿಟರಿ ಥರದ ಬಂದೂಕು ಅಂದ ಮೇಲೆ ಮರ ಇರಬೇಡವಾ? ಕೈಗೆ ಬೆಚ್ಚಗಿರುತ್ತದೆ, ಗೆರೆ ಕಾಣುತ್ತದೆ, ಹಳತಾದಷ್ಟೂ ಚೆಂದ. ಫೈಬರ್ ಅಂದ್ರೆ ನನಗೆ ಬಚ್ಚಲಮನೆ ಬಾಗಿಲು ನೆನಪಾಗುತ್ತದೆ. ಮಾಮನೂ ಹಾಗೇ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಹೊರಗಿನಿಂದ ಕಣ್ಣು ಕೀಳದೇ ಅಂದ: "ಫೈಬರ್ ಹಾಕ್ರಿ."

"ಮಾಮಾ, ಇನ್ನೊಂದ್ಸಲ ಯೋಚನೆ ಮಾಡು."

"ನೀನು ಯಾವತ್ತಾದ್ರೂ ಹೊತ್ತೀಯೇನು? ಅಸ್ಸಾಂನಾಗ ನಾಲ್ಕು ತಿಂಗಳ ಮಳೆ ನೋಡೀಯೇನು?"

ಆಮೇಲೆ ಮಾತು ಹರಿಯಿತು. ಎಸ್‌ಎಲ್‌ಆರ್ ಕಾಲ, ಆಗ ಸೈನ್ಯದ ರೈಫಲ್ ಅದು. ಬಟ್ಟು, ಹಿಡಿಕೆ, ಮುಂದಿನ ಕೈ ಹಿಡಿಯುವ ಜಾಗ ಎಲ್ಲ ಮರ. ಒಟ್ಟು ನಾಲ್ಕು ಕಿಲೋ ಮೇಲೆ ಭಾರ. ಮಳೆ ಹತ್ತಿದರೆ ಮರ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಬೆಂಕಿ ಹತ್ತಿರ ಒಣಗಿಸುವ ಹಾಗಿಲ್ಲ, ಸೀಳುತ್ತದೆ. ಊಟಕ್ಕಿಂತ ಮುಂಚೆ ಮರ ಒರೆಸಬೇಕು, ಸಾಹೇಬರು ಬೆರಳು ಆಡಿಸಿ ನೋಡುತ್ತಾರೆ. ಕೊನೆಯ ಎರಡು ವರ್ಷ ಕೈಗೆ ಇನ್ಸಾಸ್ ಬಂತು. ಮರವಿಲ್ಲದ ರೈಫಲ್. "ಉಳಿದವರು ಅದಕ್ಕೆ ಏನೇನೋ ಹೆಸರು ಇಟ್ರು. ನನಗೆ ಮಾತ್ರ ಮೊದಲ್ನೇ ದಿನ ಸಂಜೆ ಅಗಸೆ ಎಣ್ಣೆ ಡಬ್ಬಿ ಮುಚ್ಚಿ ಮಲಗಿದಾಗ ಹಬ್ಬ ಆದಂಗಾಗಿತ್ತು" ಅಂದ.

ನನಗೆ ನಗು ಬಂತು. ಹೊರಲಾರದವನಿಗೆ ಮರದ ಮೇಲೆ ಪ್ರೀತಿ, ಹೊತ್ತವನಿಗೆ ಸಾಕು.

ಆ ರಾತ್ರಿ ಇದರ ಬಗ್ಗೆ ಓದುತ್ತಾ ಕೂತೆ. ಅಮೆರಿಕದವರು 1957ರಲ್ಲಿ ಎಂ-14 ರೈಫಲ್ ತಂದಾಗ ಅದರ ಸ್ಟಾಕ್ ಅಕ್ರೋಟು ಮರದ್ದು. ವಿಯೆಟ್ನಾಂನ ಸೆಕೆಗೂ ಮಳೆಗೂ ಮರ ಸೊಟ್ಟಗಾಗಿ ಗುರಿ ಬದಲಾಗುತ್ತಾ ಹೋಯಿತು. ಅದೇ ರೈಫಲ್‌ಗೆ ಫೈಬರ್‌ಗ್ಲಾಸ್ ಸ್ಟಾಕ್ ಮಾಡಿದರು. ಅವರ ಮರೀನ್ ಪಡೆಯ ಎಂ-40 ಸ್ನೈಪರ್ ರೈಫಲ್ ಕಥೆಯೂ ಇದೇ. 1966ರಲ್ಲಿ ಮರ, 70ರ ದಶಕದಲ್ಲಿ ಫೈಬರ್. ಮರ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಲು ಬಾರದ ಹಾಗೆ. ಮುಂಭಾಗದ ಮರ ಒಂದು ಕಡೆ ಬಾಗಿ ನಳಿಗೆಗೆ ತಾಕಿದರೆ ಸಾಕು, ಗುಂಡು ಬೇರೆ ಕಡೆ ಬೀಳುತ್ತದೆ.

ಮಾರನೇ ದಿನ ಇದನ್ನು ಹೇಳಿದಾಗ ಮಾಮ ಹಣೆ ಚಚ್ಚಿಕೊಂಡ. ಮಳೆಗಾಲದಲ್ಲಿ ಅವನ ಗುಂಡು ಎಡಕ್ಕೆ ಹೋಗುತ್ತಿತ್ತು, ಬೇಸಿಗೆಯಲ್ಲಿ ಸರಿ ಇರುತ್ತಿತ್ತು. ಕಣ್ಣು ಮಂಜಾಗಿದೆ ಅಂತ ಎರಡು ಸಲ ಕನ್ನಡಕ ಬದಲಿಸಿದ್ದ!

ಫೈಬರ್ ಅಂದ ಮಾತ್ರಕ್ಕೆ ಎಲ್ಲ ಸಲೀಸು ಅಂತಲ್ಲ. ಆ ಸ್ಟಾಕನ್ನು ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬಿ ಥರ ಸದ್ದು. ಒಳಗೆ ಟೊಳ್ಳು. ಬಣ್ಣ ಕಪ್ಪು. ಅರ್ಧ ಗಂಟೆ ಅಂಗಡಿ ಮುಂದೆ ಬಿಸಿಲಲ್ಲಿ ಇಟ್ಟು ಮಾಮನ ಕೆನ್ನೆಗೆ ಒತ್ತಿದೆ. "ಅಯ್ಯಪ್ಪಾ!" ಅಂತ ಕಿತ್ತುಕೊಂಡ. ಮರ ಹೀಗೆ ಸುಡುವುದಿಲ್ಲ. ನನಗೆ ಒಂದು ಪಾಯಿಂಟ್ ಸಿಕ್ಕಿತು ಅಂತ ಖುಷಿ. ಚಾಚಾ ತಿಳಿ ಮಣ್ಣಿನ ಬಣ್ಣವಿದ್ದ ಪೇಂಟ್ ಡಬ್ಬ ತೋರಿಸಿ, ಇದನ್ನು ಬಳಿದರೆ ಇಷ್ಟು ಸುಡಲ್ಲ ಅಂತ ನನ್ನ ಪಾಯಿಂಟ್ ಕಿತ್ತುಕೊಂಡರು.

ಇನ್ನೊಂದು, ಅದು ಉದ್ದ ಜಾಸ್ತಿ ಇತ್ತು. ಅಳತೆ ನೋಡುವ ರೀತಿ ಚೆನ್ನಾಗಿದೆ. ಖಾಲಿ ಸ್ಟಾಕಿನ ಹಿಂಬದಿಯನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳು ಟ್ರಿಗರ್ ಇರುವ ಜಾಗಕ್ಕೆ ಮುಟ್ಟಬೇಕು. ಮಾಮನ ಬೆರಳು ಅರ್ಧ ಇಂಚು ಹಿಂದೆಯೇ ನಿಂತಿತು. ಆಮೇಲೆ ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಇಟ್ಟು, ಕಣ್ಣು ತೆರೆದು ಗುರಿಯ ಗೆರೆ ಎದುರಿಗೇ ಇದೆಯಾ ನೋಡುವುದು. ಅದು ಸರಿ ಇತ್ತು. ಚಾಚಾ ಹಿಂಬದಿ ಅರ್ಧ ಇಂಚು ಕೊಯ್ದರು. ಪುಡಿ ಹಾರಿತು. "ದೂರ ನಿಂತ್ಕೋ ಬೇಟಾ, ಇದು ಗಾಜು" ಅಂದರು. ನಾನು ಕೇಳಲಿಲ್ಲ. ಎರಡು ದಿನ ಮುಂಗೈ ಕೆರೆದುಕೊಂಡೆ.

ನಾನು ಮರೆಯಲಾರದ್ದು ಆಮೇಲಿನ ಕೆಲಸ. ಒಂದು ತಗಡಿನ ಮೇಲೆ ಎಪಾಕ್ಸಿ ಅಂಟು ಕಲಸಿ, ಅದಕ್ಕೆ ಸಣ್ಣಗೆ ಕತ್ತರಿಸಿದ ಗಾಜಿನ ನಾರು ಬೆರೆಸಿದರು. ರೊಟ್ಟಿ ಹಿಟ್ಟಿನ ಹದಕ್ಕೆ ಬಂತು. ಅದನ್ನು ಸ್ಟಾಕಿನ ಗುಂಡಿಗೆ ಮೆತ್ತಿದರು. ಬಂದೂಕಿನ ಕಬ್ಬಿಣಕ್ಕೆ ತೆಳ್ಳಗೆ ಶೂ ಪಾಲಿಶ್ ಸವರಿ ಅದರ ಮೇಲೆ ಕೂರಿಸಿದರು. ಪಾಲಿಶ್ ಇಲ್ಲದಿದ್ದರೆ ಜನ್ಮಕ್ಕೂ ಬಿಡುವುದಿಲ್ಲವಂತೆ. ಒಂದು ದಿನ ಒಣಗಿದ ಮೇಲೆ ಎತ್ತಿದರೆ ಕಬ್ಬಿಣದ ಅಚ್ಚು ಹಾಗೆಹಾಗೇ ಮೂಡಿತ್ತು. ಕಬ್ಬಿಣಕ್ಕೆ ಅಲ್ಲಾಡಲು ಕೂದಲೆಳೆಯ ಜಾಗವೂ ಇಲ್ಲ.

ಇದನ್ನು ಎಲ್ಲೋ ನೋಡಿದ್ದೀನಲ್ಲ ಅನ್ನಿಸುತ್ತಿತ್ತು. ನನ್ನ ಹೆಂಡತಿಯ ತವರು ಕೊಪ್ಪಳದ ಹತ್ತಿರದ ಕಿನ್ನಾಳ. ಅಲ್ಲಿ ಚಿತ್ರಗಾರರು ಗೊಂಬೆ ಮಾಡುವಾಗ ಹಗುರ ಮರದ ತುಂಡುಗಳನ್ನು ಜೋಡಿಸಿ ಮೇಲೆ 'ಕಿಟ್ಟ' ಮೆತ್ತುತ್ತಾರೆ. ಸೆಣಬಿನ ಚೂರು ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟಿನ ಜೊತೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ್ದು. ನಾರು ಮತ್ತು ಅಂಟು. ಚಾಚಾ ಕಲಸಿದ್ದೂ ಅದೇ ಅಲ್ವಾ? ಸೆಣಬಿನ ಬದಲು ಗಾಜು, ಹುಣಸೆಬೀಜದ ಬದಲು ಎಪಾಕ್ಸಿ. ಫೈಬರ್ ಬಗ್ಗೆ ನನಗಿದ್ದ ಬಚ್ಚಲ ಬಾಗಿಲಿನ ಸಸಾರ ಅಲ್ಲಿಗೆ ಅರ್ಧ ಇಳಿಯಿತು. ಪೂರ್ತಿ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ.

ಎಲ್ಲ ಬಿಗಿ ಮಾಡಿದ ಮೇಲೆ ಚಾಚಾ ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು ನಳಿಗೆ ಮತ್ತು ಸ್ಟಾಕಿನ ನಡುವೆ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆದರು. ಎಲ್ಲೂ ತಡೆಯಲಿಲ್ಲ. ನಳಿಗೆ ಯಾವುದಕ್ಕೂ ತಾಕದೆ ತೇಲುತ್ತಿದೆ ಅಂತ ಅರ್ಥ. ನೋಟನ್ನು ಮಡಚಿ ವಾಪಸ್ ಜೇಬಿಗೇ ಇಟ್ಟುಕೊಂಡರು. ಲೈಸೆನ್ಸ್‌ನಲ್ಲಿ ತಿದ್ದುಪಡಿ ಬೇಕಾ ಅಂತ ಕೇಳಿದೆ. "ನಂಬರ್ ಇರೋದು ಕಬ್ಬಿಣದ ಮೇಲೆ, ಮರದ ಮೇಲಲ್ಲ" ಅಂದರು.

ಮಾಮ ಅದನ್ನು ಮನೆಗೆ ಒಯ್ದು ಎರಡು ತಿಂಗಳಾಗಿರಲಿಲ್ಲ, ಸಂಡೂರಿಗೆ ಉಪಚುನಾವಣೆ ಬಂತು. ನವೆಂಬರ್ 13ಕ್ಕೆ ಮತದಾನ. ಮತ್ತೆ ಠಾಣೆ. ಜೊತೆಗೆ ನಾನೂ ಹೋಗಿದ್ದೆ. ಬರೆದುಕೊಳ್ಳುತ್ತಿದ್ದ ಹುಡುಗ ಸ್ಟಾಕ್ ತಟ್ಟಿ ನೋಡಿ, "ಇದೇನ್ರೀ ಅಜ್ಜಾರೆ, ಜಾತ್ರೆ ಗನ್ ಇದ್ದಂಗೈತೆ" ಅಂದ. ಮಾಮ ಸಿಟ್ಟಾಗುತ್ತಾನೆ ಅಂದುಕೊಂಡೆ. ಆಗಲಿಲ್ಲ. "ಬಾಯಿ ಕೆಳಗ ಮಾಡಿ ನಿಲ್ಲಸ್ರಿ" ಅಂದ. "ಇದಕ್ಕಲ್ಲ, ಇದಕ್ಕೇನೂ ಆಗಲ್ಲ. ಆ ಕಡೆ ಮರದವು ನಿಂತಾವಲ್ಲ, ಅವಕ್ಕೆ."

ಹಳೆಯ ಮರ ನನ್ನ ಹತ್ತಿರ ಇದೆ. ಹಂಡೆ ಒಲೆಗೆ ಹಾಕು ಅಂತ ಅತ್ತೆಗೆ ಮಾಮ ಕೊಟ್ಟಿದ್ದ. ನಾನು ಕೇಳಿ ಗೋಣಿಚೀಲದಲ್ಲಿ ಸುತ್ತಿಕೊಂಡು ಬಳ್ಳಾರಿ ಬಸ್ ಹತ್ತಿದೆ. ಈಗ ಪುಸ್ತಕದ ಕಪಾಟಿನ ಮೇಲೆ ಮಲಗಿದೆ. ಕೆನ್ನೆ ಇಡುತ್ತಿದ್ದ ಜಾಗದಲ್ಲಿ ಬಣ್ಣ ಸ್ವಲ್ಪ ಗಾಢ. ತಿಂಗಳಿಗೊಮ್ಮೆ ಅಗಸೆ ಎಣ್ಣೆ ತಿಕ್ಕುತ್ತೇನೆ. ಹೋದ ಸಲ ಮಾಮ ಬಂದಾಗ ನಾನು ಅದನ್ನೇ ಮಾಡುತ್ತಿದ್ದೆ. ಸ್ವಲ್ಪ ಹೊತ್ತು ನೋಡಿದ. ನನ್ನ ಕೈಯಿಂದ ಬಟ್ಟೆ ಕಿತ್ತು ಪಕ್ಕಕ್ಕಿಟ್ಟು, ಬರೀ ಅಂಗೈಯಿಂದ ನಾಲ್ಕು ಸಲ ಉದ್ದಕ್ಕೆ ತಿಕ್ಕಿದ.

"ಜಾಸ್ತಿ ಹಚ್ಚಬ್ಯಾಡ ಅಳಿಯಾ" ಅಂದ.